ನಡುಕೋಣೆಯ ಮೂಲೆಗೆ ಹಾಸಿದ ಬಿಳಿ ತೊಗಲು

ಲೋಕಮ್ಮನ ಬೆರಳಿಗೆ ಕಣ್ಣಿದೆ ಎಂಬ ಮಾತು ತೊಗರ್ಸಿಯ ಸುತ್ತಲ ಹಳ್ಳಿಗಳಲ್ಲಿತ್ತು. ಉಣ್ಣೆಯ ಒಂದೆಳೆಯನ್ನು ಎರಡು ಬೆರಳ ನಡುವೆ ಹೊಸೆದು, ಇದು ಮರಿಯ ಮೊದಲ ಕತ್ತರಿಯದು, ಇದು ಗೊಡ್ಡು ಕುರಿಯದು, ಇದಕ್ಕೆ ಮಾರುವವನು ತೂಕ ಬರಲೆಂದು ನೀರು ಚಿಮುಕಿಸಿದ್ದಾನೆ ಎಂದು ಅವಳು ಹೇಳಿಬಿಟ್ಟರೆ ಸಂತೆಯಲ್ಲಿ ಎದುರಾಡುವವರು ಇರಲಿಲ್ಲ. ಐವತ್ತು ದಾಟಿದ ಹೆಂಗಸು. ಕುರಿಮಂದೆಯ ಹಿಂದೆ ಹುಟ್ಟಿ, ಮಂದೆಯವನನ್ನೇ ಮದುವೆಯಾಗಿ, ಗಂಡ ಮಾಸ್ತಪ್ಪನ ಜೊತೆ ಇಪ್ಪತ್ತು ವರ್ಷ ಊರಿಂದೂರಿಗೆ ನಡೆದವಳು. ಮಗ ಯಲ್ಲಪ್ಪ ಹುಟ್ಟಿದ್ದು ಯಾರದೋ ಹೊಲದಲ್ಲಿ, ರಾತ್ರಿ ತಂಗಲೆಂದು ಕುರಿ ತರುಬುವ ಹೊತ್ತಿಗೆ. ಮೂರು ದಿನ ಕಳೆದು ಕೂಸನ್ನು ಕಂಬಳಿಯ ಜೋಳಿಗೆಯಲ್ಲಿ ಕಟ್ಟಿಕೊಂಡು ಮತ್ತೆ ನಡೆದಿದ್ದಳು.

ಅಂಥವಳಿಗೆ ನಲವತ್ತರ ಮೇಲೆ ಮನೆ ಎಂಬುದಾಯಿತು. ಮಾಸ್ತಪ್ಪ ಮಂದೆಯಲ್ಲಿ ಮುಕ್ಕಾಲು ಪಾಲು ಮಾರಿ, ಕೆರೆಯ ಕೆಳಗೆ ಎರಡೆಕರೆ ಗದ್ದೆ ಮಾಡಿದ. ಗದ್ದೆಯ ಮಗ್ಗುಲಲ್ಲೇ ಮನೆ ಕಟ್ಟುವುದೆಂದು ಮಾತಾಯಿತು. ಜಾಗ ಆರಿಸಿದವಳು ಲೋಕಮ್ಮ. ಆಗ ಬೇಸಿಗೆ. ಕುರಿ ತರುಬುವವರು ಜಾಗ ನೋಡುವ ಹಾಗೆಯೇ ಅವಳು ನೋಡಿದಳು: ಗಾಳಿ ಹೊಡೆಯಬಾರದು, ಅದಕ್ಕೆ ತಗ್ಗು, ನೀರು ಕೈಗೆಟುಕಬೇಕು, ಅದಕ್ಕೆ ಕಾಲುವೆಯ ಪಕ್ಕ. ಒಂದೆರಡು ದಿನ ತಂಗಿ ಎದ್ದುಹೋಗುವ ಮಂದೆಗೆ ಅದು ಸರಿ. ಗೋಡೆ ಎಬ್ಬಿಸಿ ಹಂಚು ಹೊದಿಸಿ ಬಾಳಬೇಕಾದ ಮನೆಗೆ ಅದು ಸರಿಯಲ್ಲವೆಂದು ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ನಡುಕೋಣೆಯ ಮೂಡಣ ಮೂಲೆಯಲ್ಲಿ ನೆಲ ಬೆವರಿತು. ಎಷ್ಟು ಸಾರಿಸಿದರೂ ಮೊರದಗಲದ ಕಪ್ಪು ಕಲೆ ಹೋಗಲಿಲ್ಲ. ಬೇಸಿಗೆ ಬಂದರೆ ಕಲೆ ಮಂಕಾಗುತ್ತಿತ್ತು, ಮನೆಮಂದಿ ಮರೆಯುತ್ತಿದ್ದರು. ಸೋರುವ ಮನೆ ಬೇಸಿಗೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಮೂಲೆಯಲ್ಲೇ ಎರಡು ವರ್ಷದ ಹಿಂದೆ ಲೋಕಮ್ಮ ಮೊಮ್ಮಗನಿಗೆ ಹಾಸಿಗೆ ಹಾಸಿದ್ದಳು. ಪಡಸಾಲೆಗೆ ಮಳೆಯ ಎರಚಲು, ಅಡುಗೆಮನೆಗೆ ಹೊಗೆ, ನಡುಕೋಣೆಯ ಉಳಿದರ್ಧದಲ್ಲಿ ಭತ್ತದ ಕಣಜ. ಕೂಸು ಮಲಗಿಸಲು ಇದ್ದದ್ದು ಅದೊಂದೇ ಮೂಲೆ. ಸೊಸೆ ವನಜ ಒಮ್ಮೆ, "ಅತ್ತೆ, ಕೌದಿ ಅಡಿಗೆ ಥಂಡಿ ಏಳ್ತದೆ" ಎಂದಿದ್ದಳು. ವನಜ ಸೊರಬ ಸೀಮೆಯ ಆನವಟ್ಟಿಯ ಹುಡುಗಿ. "ನಿಮ್ ಕಡೆ ಮಳೆ ಕಂಡೋಳಿಗೆ ಇದ್ಯಾವ ಥಂಡಿ ಬಿಡು. ಹೊಲದಾಗ ಹೆತ್ತೋಳು ನಾನು" ಎಂದು ಲೋಕಮ್ಮ ಮಾತು ಮುರಿದಿದ್ದಳು. ಆಷಾಢದಲ್ಲಿ ಎಂಟು ತಿಂಗಳ ಕೂಸಿಗೆ ಕೆಮ್ಮು ಹಿಡಿಯಿತು. ಎದೆ ಗೊರಗೊರ ಅನ್ನತೊಡಗಿತು. ಶಿಕಾರಿಪುರದ ಡಾಕ್ಟರ ಹತ್ತಿರ ಹೋಗಲು ಗಾಡಿ ಕಟ್ಟುವಷ್ಟರಲ್ಲಿ ಜೀವ ಹೋಯಿತು. ದೃಷ್ಟಿ ಎಂದರು, ಗಾಳಿ ಸೋಂಕು ಎಂದರು, ಊರವರು ನೂರು ಹೇಳಿದರು. ವನಜ ಮಾತ್ರ ಏನೂ ಹೇಳಲಿಲ್ಲ. ಅವಳು ಹೇಳದ ಮಾತು ಲೋಕಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

ಐವತ್ತೆಂಟನೇ ಇಸವಿಯ ಸಂಕ್ರಾಂತಿಯ ಹೊತ್ತಿಗೆ ವನಜ ತವರಿನಲ್ಲಿ ಹೆಣ್ಣು ಹೆತ್ತಳು. ಸರ್ವಮಂಗಳ ಎಂದು ಹೆಸರಿಟ್ಟರು. ಲೋಕಮ್ಮ ತೊಟ್ಟಿಲಿಗೆ ಹಾಕುವ ದಿನ ಹೋಗಿ ಒಮ್ಮೆ ಎತ್ತಿಕೊಂಡಿದ್ದಳು, ಅಷ್ಟೆ. ಐದನೇ ತಿಂಗಳಿಗೆ ಬಾಣಂತಿ ಗಂಡನ ಮನೆಗೆ ಬರುವುದು ವಾಡಿಕೆ. ಆದರೆ ವನಜಳ ಅಪ್ಪ ಮಹೇಶ್ವರಪ್ಪ ಹೇಳಿಕಳಿಸಿದ್ದು ಬೇರೆ. ಕಾರಹುಣ್ಣಿಮೆ ಕಳೆದು ಎರಡನೇ ಸೋಮವಾರ ಗಂಡಹೆಂಡಿರು ಮಗಳನ್ನೂ ಕೂಸನ್ನೂ ಕರೆದುಕೊಂಡು ಬರುತ್ತೇವೆ. ಮನೆ ನೋಡುತ್ತೇವೆ. ಮನಸ್ಸಿಗೆ ಬಂದರೆ ಬಿಟ್ಟು ಹೋಗುತ್ತೇವೆ, ಇಲ್ಲದಿದ್ದರೆ ನಾಲ್ಕು ಗಂಟೆಯ ಬಸ್ಸಿಗೆ ಕೂಸು ವಾಪಸು.

ಆವತ್ತು ತಪ್ಪಿದರೆ ಮುಂದೆ ಆಷಾಢ. ಆ ವರ್ಷ ಆಷಾಢದ ಬೆನ್ನಿಗೆ ಅಧಿಕ ಶ್ರಾವಣ ಬೇರೆ. ಎರಡು ತಿಂಗಳು ಕೂಸು ಹೊರಡಿಸುವ ಮಾತೇ ಇಲ್ಲ. ಎರಡು ತಿಂಗಳಲ್ಲಿ ಮನಸ್ಸು ಏನೇನೋ ಆದೀತು. ಒಂದು ಸಲ ತವರಿನಲ್ಲಿ ಬೇರು ಬಿಟ್ಟ ಸೊಸೆ ತಿರುಗಿ ಬಂದದ್ದನ್ನು ಲೋಕಮ್ಮ ಹೆಚ್ಚಾಗಿ ಕಂಡಿರಲಿಲ್ಲ.

"ಅವ್ವ, ಮೊದ್ಲು ಆ ನೆಲ ಅಗ್ದು ಸರಿ ಮಾಡಾಣ" ಎಂದು ಯಲ್ಲಪ್ಪ ಯುಗಾದಿಯಿಂದ ಎರಡು ಮೂರು ಸಲ ಹೇಳಿದ್ದ.

"ನೆಲ ಅಗ್ದು ಗುಂಡಿ ತೋರಿಸ್ತೀಯಾ ಬೀಗರಿಗೆ? ಮನಿ ಚೆಂದ ಕಾಣ್ಬೇಕಲೇ" ಎಂದು ಅವಳು ಬಾಯಿ ಮುಚ್ಚಿಸಿದ್ದಳು. ನಿಜ ಬೇರೆ ಇತ್ತು. ನೆಲ ಅಗೆದರೆ, ನೆಲದಲ್ಲಿ ತಪ್ಪಿತ್ತು ಎಂದು ಒಪ್ಪಿದಂತೆ. ನೆಲದಲ್ಲಿ ತಪ್ಪಿದ್ದರೆ, ಜಾಗ ಆರಿಸಿದವಳು ಯಾರು, ಕೂಸನ್ನು ಅಲ್ಲಿ ಮಲಗಿಸಿದವಳು ಯಾರು?

ಮನೆ ಚೆಂದ ಕಾಣುವುದು ಹೇಗೆಂಬುದನ್ನು ಅವಳು ಕಂಡುಬಂದಿದ್ದಳು. ಹದಿನೈದು ದಿನಕ್ಕೊಮ್ಮೆ ಶಿಕಾರಿಪುರದ ಅಮಲ್ದಾರರ ಮನೆಗೆ ಬೆಣ್ಣೆ ಕೊಡಲು ಹೋಗುತ್ತಿದ್ದಳು. ಹೊಸದಾಗಿ ಬಂದ ಅಮಲ್ದಾರರ ಹೆಂಡತಿ ಎಳೆ ಬಾಣಂತಿ. ಅವರ ನಡುಮನೆಯ ಆರಾಮ ಕುರ್ಚಿಯ ಮೇಲೆ ಉಣ್ಣೆ ಸಮೇತವಾದ ಬಿಳಿ ಕುರಿತೊಗಲು ಇಳಿಬಿಟ್ಟಿತ್ತು. ಒಂದು ದಿನ ಹೋದಾಗ ಅದೇ ತೊಗಲನ್ನು ನೆಲಕ್ಕೆ ಹಾಸಿ ಕೂಸನ್ನು ಮಲಗಿಸಿದ್ದರು. ಕೂಸು ಕೈಕಾಲು ಬಡಿಯುತ್ತ, ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದೆಳೆಯುತ್ತ ಕೇಕೆ ಹಾಕುತ್ತಿತ್ತು.

"ಏನು ಲೋಕಮ್ಮ, ಹಾಗೆ ನಿಂತುಬಿಟ್ಟೆ?" ಎಂದು ಆಕೆ ಕೇಳಿದರು.

"ಇದು ಎಲ್ಲಿದು ಅಮ್ಮಾರೆ?"

"ನೀಲಗಿರಿ ಕಡೆಯಿಂದ ನಮ್ಮಣ್ಣ ತಂದದ್ದು. ಮುಟ್ಟಿ ನೋಡು. ಎಷ್ಟು ಥಂಡಿ ಇದ್ದರೂ ಮಗುವಿಗೆ ತಟ್ಟೋದಿಲ್ಲ. ಕುರ್ಚಿಗೆ ಹಾಕಿದರೆ ಮನೆಗೂ ಒಂದು ಲಕ್ಷಣ."

ಲೋಕಮ್ಮ ಮುಟ್ಟಿದಳು. ಬೆರಳು ಗೆಣ್ಣಿನವರೆಗೆ ಹೂತುಹೋಯಿತು. ಹುಟ್ಟಿದಾಗಿನಿಂದ ಉಣ್ಣೆಯಲ್ಲೇ ಬದುಕಿದವಳಿಗೆ ಇಂಥದೊಂದು ಇರಬಹುದೆಂದು ಹೊಳೆದಿರಲಿಲ್ಲ. ಕುರುಬರ ಮನೆಗೆ ಕಂಬಳಿ ದೇವರ ಸಮಾನ, ತೊಗಲು ಹಾಗಲ್ಲ. 'ಉಣ್ಣೆ ಒಳಗೆ, ತೊಗಲು ಹೊರಗೆ' ಎಂದು ಅವಳ ಅತ್ತೆ ಹೇಳುತ್ತಿದ್ದಳು. ಸತ್ತ ಕುರಿಯ ತೊಗಲು ಊರಿನ ಚರ್ಮದ ಕೆಲಸದವರ ಹಕ್ಕು, ಅದು ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಆದರೆ ಅಮಲ್ದಾರರ ಮನೆಯಲ್ಲಿ ಕೂಸೇ ಅದರ ಮೇಲೆ ಮಲಗಿತ್ತಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಲೋಕಮ್ಮನ ಕಣ್ಣ ಮುಂದೆ ಆ ಕೂಸಿನ ಜಾಗದಲ್ಲಿ ಸರ್ವಮಂಗಳ ಇದ್ದಳು. ಇನ್ನೊಂದು ಯೋಚನೆಯೂ ಇತ್ತು, ಅದನ್ನು ಅವಳು ತನಗೆ ತಾನೇ ಸರಿಯಾಗಿ ಹೇಳಿಕೊಳ್ಳಲಿಲ್ಲ: ಆ ತೊಗಲಿನ ಅಗಲ ಒಂದು ಮೊರಕ್ಕಿಂತ ಹೆಚ್ಚೇ ಇತ್ತು.

ವೈಶಾಖದಲ್ಲಿ ಮನೆಯ ಬಿಳಿ ಟಗರು ಕೊರಕಲಿಗೆ ಬಿದ್ದು ಕಾಲು ಮುರಿದುಕೊಂಡಿತು. ಕರಿ ಕುರಿಗಳ ನಡುವೆ ಇದ್ದದ್ದು ಅದೊಂದೇ ಬಿಳಿ. ಉಳಿಯುವ ಹಾಗಿರಲಿಲ್ಲ, ಮಾಸ್ತಪ್ಪ ಕೊಯ್ಯಿಸಿದ. ತೊಗಲು ಒಯ್ಯಲು ಬಂಗಾರಪ್ಪ ಬಂದಾಗ ಲೋಕಮ್ಮ ಹೊಸ ಕಂಬಳಿಯೊಂದನ್ನು ತಂದು ಅವನ ಮುಂದಿಟ್ಟಳು.

"ಇದನ್ನ ತಗಂಡು ತೊಗಲು ನನಗೆ ಬಿಡು ಬಂಗಾರಪ್ಪ."

ಬಂಗಾರಪ್ಪ ಕಂಬಳಿ ನೋಡಿದ, ಅವಳನ್ನು ನೋಡಿದ. ಮೂವತ್ತು ವರ್ಷ ತೊಗಲು ಹದಮಾಡಿದ ಕೈ ಅವನದು. "ಏನ್ ಮಾಡ್ತೀರಿ ಲೋಕಮ್ಮಾರೆ?"

"ಉಣ್ಣೆ ಕೀಳದಂಗೆ ಹದ ಮಾಡಿ ಮನಿಗೆ ಹಾಸ್ತೀನಿ."

"ಹಂಗಾರೆ ತಂಗಡಿ ಗಿಡದ ಚಕ್ಕೆ ನೀರಾಗ ಹಾಕ್ಬೇಕು. ಒಂದೂವರೆ ತಿಂಗ್ಳು ಹಿಡೀತದೆ. ಉಣ್ಣೆ ಕೆಂಪಾಗ್ತದೆ, ಆದ್ರೆ ತೊಗಲು ಸಾಯಾಗಂಟ ಬಾಳ್ತದೆ."

"ಒಂದೂವರೆ ತಿಂಗ್ಳು ಎಲ್ಲೈತೋ ಮಾರಾಯ? ಕೆಂಪು ಯಾರಿಗೆ ಬೇಕು? ಅಮಲ್ದಾರ್ರ ಮನೀದು ಹಾಲಿನಂಗೈತೆ."

"ಹಂಗಾರೆ ಉಪ್ಪು ತಿಕ್ರಿ" ಎಂದ ಬಂಗಾರಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತ. "ಉಪ್ಪಿನ ತೊಗಲು ಬಿಸ್ಲಿರಾಗಂಟ ಸೊಸೆ ಇದ್ದಂಗೆ. ಮ್ವಾಡ ಆತೋ, ಅತ್ತೆ."

"ನಾನೂ ಅತ್ತೆನೇ. ಇಬ್ರೂ ಹೆಂಗೋ ಬಾಳ್ವೆ ಮಾಡ್ತೀವಿ ಬಿಡು" ಎಂದು ಲೋಕಮ್ಮ ನಕ್ಕಳು.

ಅಂಗಳದಲ್ಲಿ ತೊಗಲನ್ನು ಉಣ್ಣೆ ಕೆಳಗಾಗಿ ಹರವಿ ಸುತ್ತ ಗೂಟ ಹೊಡೆದಳು. ಕುಡುಗೋಲಿನ ಬೆನ್ನಿನಿಂದ ಕೊಬ್ಬು ಕೆರೆದಳು. ಐದು ಸೇರು ಕಲ್ಲುಪ್ಪು ಕುಟ್ಟಿ ತಿಕ್ಕಿದಳು. ನಾಲ್ಕು ದಿನಕ್ಕೊಮ್ಮೆ ಹಳೇ ಉಪ್ಪು ಕೊಡವಿ ಹೊಸ ಉಪ್ಪು ತಿಕ್ಕಿದಳು. ಮಾಸ್ತಪ್ಪ ಎಮ್ಮೆಗೆ ಹುಲ್ಲು ಹಾಕುತ್ತ, "ಏನೇ, ಉಪ್ಪಿನಕಾಯಿ ಹಾಕ್ತಿದೀಯೋ ಟಗರಿಂದು?" ಎಂದ.

"ನೀವು ಸುಮ್ನಿರ್ರಿ. ಮನಿ ಚೆಂದ ಮಾಡದು ನಿಮಗೆ ತಿಳಿಯಲ್ಲ."

"ನನಗೆ ತಿಳಿಯಲ್ಲ ಬಿಡು. ನಾನು ಈ ಮನಿಗೆ ಕಲ್ಲು ಹೊತ್ತೋನು."

ಪಕ್ಕದ ಮನೆಯಲ್ಲಿ ಮಾಸ್ತಪ್ಪನ ಅಕ್ಕ ಉಚ್ಚಂಗಮ್ಮ ಇದ್ದಳು. ಹಲ್ಲು ಬಿದ್ದರೂ ನಾಲಿಗೆ ಬೀಳದ ಮುದುಕಿ. ದಿನಕ್ಕೆರಡು ಸಲ ಬೇಲಿಯ ಹತ್ತಿರ ನಿಂತು ಮೂಗು ಮುಚ್ಚಿಕೊಂಡು, "ಟಗರು ಸತ್ರೂ ನಿನ್ನ ಬಿಟ್ಟಿಲ್ಲವಲ್ಲೇ ಲೋಕಿ" ಎನ್ನುತ್ತಿದ್ದಳು. "ಕುರುಬರ ಮನ್ಯಾಗ ಕಂಬಳಿಗೆ ಬರ ಬಂತಾ?"

"ಕಂಬಳಿ ಕೂಸಿಗೆ ಚುಚ್ಚತೈತೆ ಅತ್ಗೆ."

"ನನಗೆ ಚುಚ್ಚಲಿಲ್ಲ, ನಿನ್ನ ಗಂಡಗೆ ಚುಚ್ಚಲಿಲ್ಲ. ಹಲ್ಲು ಹುಟ್ಟೋ ಮೊದ್ಲೇ ಅಮಲ್ದಾರ್ತಿ ಆದ್ಲು ನಿನ್ನ ಮೊಮ್ಮಗಳು."

ಬಿಸಿಲು ಕೈಕೊಡಲಿಲ್ಲ. ಇಪ್ಪತ್ತು ದಿನದಲ್ಲಿ ತೊಗಲು ಒಣಗಿ ಹಪ್ಪಳದಂತೆ ಸದ್ದು ಮಾಡಿತು. ಅದನ್ನು ಮೊಣಕಾಲಿನ ಮೇಲೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿ, ಉಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಒರೆಸಿ, ಹಣಿಗೆಯಿಂದ ಬಾಚಿದಳು. ಗೋಡೆಗೆ ಸುಣ್ಣ, ಸುಣ್ಣದ ಕೆಳಗೆ ಕೆಮ್ಮಣ್ಣಿನ ಪಟ್ಟಿ. ಕಣಜದ ಮೇಲೆ ಹಸೆ ಚಿತ್ತಾರ ಬರೆದಳು. ದೇವರ ಪಟಗಳನ್ನು ಒರೆಸಿ ಮತ್ತೆ ಹಾಕಿದಳು. ಕೊನೆಗೆ ಮೂಡಣ ಮೂಲೆಯನ್ನು ಎರಡು ಸಲ ಸಾರಿಸಿ ಒಣಗಿಸಿ, ಕಲೆಯ ಮೇಲೆ ತೊಗಲನ್ನು ಹಾಸಿದಳು. ಸಣ್ಣ ಕಿಟಕಿಯಿಂದ ಬಂದ ಬೆಳಕೆಲ್ಲ ಅದರ ಮೇಲೇ ಬಿತ್ತು. ಕೋಣೆಯೊಳಗೆ ಬೆಳ್ಳನೆಯ ಹಸು ಮಲಗಿ ಮೆಲುಕು ಹಾಕಿದಂತೆ ಕಂಡಿತು.

ಯಲ್ಲಪ್ಪ ಬಾಗಿಲಲ್ಲಿ ನಿಂತು ನೋಡಿದ. "ಚೆಂದ ಐತವ್ವ" ಎಂದ. ಆಮೇಲೆ ಅದರ ಅಡಿಯಲ್ಲಿ ಏನಿದೆ ಎಂದು ಗೊತ್ತಿರುವವನಂತೆ ಅಲ್ಲಿಂದ ಹೊರಟುಹೋದ.

ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಓಡಿಸಿದ್ದಾಯಿತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ತೊಗಲನ್ನು ನೋಡಿ, ಮುಟ್ಟಿ, ಗಲ್ಲಕ್ಕೆ ಒತ್ತಿಕೊಂಡು ಹೋದರು. ಉಚ್ಚಂಗಮ್ಮ ಕೂಡ ಒಮ್ಮೆ ಕುಳಿತು ನೋಡಿ, "ಮೆತ್ತಗೈತೆ. ಆದ್ರೂ ಟಗರೇ" ಎಂದು ಎದ್ದು ಹೋದಳು.

ಶನಿವಾರ ಮೃಗಶಿರ ಮಳೆ ಹಿಡಿಯಿತು.

ಮಲೆನಾಡಿನ ಅಂಚಿನ ಮಳೆ ಅದು, ಅಬ್ಬರವಿಲ್ಲದೆ ಬರುತ್ತದೆ, ಬಂದರೆ ಹೋಗುವುದಿಲ್ಲ. ಶನಿವಾರ ಸಂಜೆ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆಗೆ ಕೈ ಹಾಕಿದಾಗ ಉಪ್ಪು ಅಂಗೈಗೆ ಅಂಟಿತು. ಪ್ರತಿ ವರ್ಷ ಅಂಟುವುದೇ. ಆದರೆ ಆವತ್ತು ಲೋಕಮ್ಮನ ಕೈ ಮರಿಗೆಯೊಳಗೇ ನಿಂತುಬಿಟ್ಟಿತು. ಮಳೆಗಾಲದಲ್ಲಿ ಉಪ್ಪು ನೀರು ಕುಡಿಯುತ್ತದೆ ಎಂಬುದು ಸಣ್ಣ ಹುಡುಗಿಯರಿಗೂ ಗೊತ್ತು. ಐದು ಸೇರು ಉಪ್ಪು ಕುಡಿದ ತೊಗಲನ್ನು ಬೆವರುವ ನೆಲದ ಮೇಲೆ ತಾನೇ ಹಾಸಿದ್ದಾಳೆ.

ಓಡಿ ಹೋಗಿ ಎತ್ತಿ ನೋಡಿದಳು. ಅಡಿಭಾಗ ಸ್ವಲ್ಪ ತಣ್ಣಗಿತ್ತು, ಅಷ್ಟೆ. ಹಾಗೆಂದುಕೊಂಡಳು. ಭಾನುವಾರ ಇಡೀ ದಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ತೊಗಲನ್ನು ಕಾಯಿಸಿದಳು. ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಮೆತ್ತಗಾಗುತ್ತಿತ್ತು. ವಾಸನೆ ಬಂತೇನೋ ಎಂದು ಸಾಂಬ್ರಾಣಿ ಹಾಕಿದಳು. ನಿಜವಾಗಿ ವಾಸನೆ ಬಂದಿತ್ತೋ, ತನ್ನ ಮೂಗಿಗೆ ಹಾಗನಿಸಿತ್ತೋ, ತಿಳಿಯಲಿಲ್ಲ. ತೆಗೆದುಬಿಡೋಣವೆಂದರೆ ಅಡಿಯಲ್ಲಿ ಕಲೆ. ಕಲೆ ಈಗ ಮಂಕಾಗಿರಲಿಲ್ಲ. ಎಣ್ಣೆ ಚೆಲ್ಲಿದಂತೆ ಮಿನುಗುತ್ತಿತ್ತು.

"ನಾಳೆ ಒಂದಿನ" ಎಂದು ತೊಗಲಿಗೆ ಹೇಳಿದಳು. "ನಾಳೆ ನಾಲ್ಕು ಗಂಟೆ ತನಕ ಮಾನ ಉಳಸು."

ಸೋಮವಾರ ಹನ್ನೊಂದಕ್ಕೆ ಯಲ್ಲಪ್ಪ ಕಮಾನು ಗಾಡಿ ಕಟ್ಟಿಕೊಂಡು ಬಸ್ಸಿನ ದಾರಿಗೆ ಹೋಗಿ ಬೀಗರನ್ನು ಕರೆತಂದ. ಮಹೇಶ್ವರಪ್ಪ ಉದ್ದನೆಯ, ಮಾತು ಕಡಿಮೆಯ ಮನುಷ್ಯ. ಕೊಡೆ ಮಡಿಸಿ ಮೂಲೆಗಿಟ್ಟು, ಮಾಸ್ತಪ್ಪನ ಪಕ್ಕ ಬೆಂಚಿನ ಮೇಲೆ ಕುಳಿತ. ಅವನ ಹೆಂಡತಿ ಬಂಗಾರಮ್ಮ ಕೂರಲಿಲ್ಲ. ವನಜ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲ ಹತ್ತಿರವೇ ನಿಂತಳು, ಬಂದ ಮನೆಯ ವಾಸನೆ ಹಿಡಿಯುವವಳ ಹಾಗೆ.

"ಬರ್ರಿ ಅಕ್ಕಾರೆ, ಕೈಕಾಲು ತೊಳ್ಕಳ್ರಿ" ಎಂದಳು ಲೋಕಮ್ಮ.

"ತೊಳ್ಯೋದು ಇದ್ದೇ ಇದೆ. ಮೊದ್ಲು ಮನೆ ನೋಡುವ" ಎಂದಳು ಬಂಗಾರಮ್ಮ. ಅಡುಗೆಮನೆ ನೋಡಿದಳು, ಒಲೆಯ ಹೊಗೆ ಎತ್ತ ಹೋಗುತ್ತದೆ ಎಂದು ಕೇಳಿದಳು. ಹಿತ್ತಿಲು ನೋಡಿದಳು. ಕಾಲುವೆ ನೋಡಿ, "ನೀರು ಭಾಳ ಹತ್ರ ಅಯ್ತಲ್ಲ ಬೀಗ್ತಿ" ಎಂದಳು. "ನಮ್ಮಲ್ಲಿ ನೀರಿಂದ ದೂರ ಹೋಗಿ ಮನೆ ಕಟ್ತಾರೆ, ನೀವು ಹುಡುಕ್ಕೊಂಡು ಬಂದಿರಲ."

"ಕುರಿ ಕಾದೋರಲ್ಲವಾ, ನೀರು ಕಂಡ್ರೆ ಆಸೆ" ಎಂದು ಮಾಸ್ತಪ್ಪ ನಗಾಡಿದ. ಯಾರೂ ನಗಲಿಲ್ಲ.

ಬಂಗಾರಮ್ಮ ನಡುಕೋಣೆಗೆ ಬಂದಳು. ಮೊದಲು ಕಣ್ಣಿಗೆ ಬಿದ್ದದ್ದು ಬಿಳಿ ತೊಗಲು. ಅವಳ ಹುಬ್ಬು ಮೇಲೆ ಹೋಯಿತು.

"ಇದೇನಿದು?"

"ಕೂಸಿಗೆ. ಅಮಲ್ದಾರ್ರ ಮನಿಯಾಗ ಹಿಂಗೇ ಹಾಸಿದ್ರು. ಥಂಡಿ ತಟ್ಟಲ್ಲಂತೆ" ಎಂದಳು ಲೋಕಮ್ಮ. ಮಾತು ಬೇಗ ಬೇಗ ಬಂತು. "ನಾನೇ ಹದ ಮಾಡಿದ್ದು."

"ನೀವೇ?" ಬಂಗಾರಮ್ಮ ಬಗ್ಗಿ ಉಣ್ಣೆಯ ಮೇಲೆ ಕೈಯಾಡಿಸಿದಳು. ಬೆಳಗ್ಗೆಯಷ್ಟೇ ಕೆಂಡದಲ್ಲಿ ಕಾಯಿಸಿದ್ದರಿಂದ ಉಣ್ಣೆಯ ತುದಿ ಇನ್ನೂ ಬೆಚ್ಚಗಿತ್ತು. "ಅಯ್ಯ, ಮೆತ್ತಗೆ ಬೆಣ್ಣೆ ಇದ್ದಂಗಿದೆ. ಮಗುಗೆ ಇಷ್ಟೊಂದು ಮಾಡಿದ್ದೀರಲ ಬೀಗ್ತಿ" ಎಂದಳು. ದನಿ ಇಳಿದಿತ್ತು. "ವನಜ, ಬಾ ಇಲ್ಲಿ. ಮಲಗ್ಸು ನೋಡುವ."

ವನಜ ಮೂಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ತೊಗಲಿನ ಮೇಲೆ ಕೂಸನ್ನು ಮಲಗಿಸಿದಳು. ಸರ್ವಮಂಗಳ ಮೊದಲು ಕಣ್ಣರಳಿಸಿತು, ಆಮೇಲೆ ಎರಡೂ ಮುಷ್ಟಿಯಲ್ಲಿ ಉಣ್ಣೆ ಹಿಡಿದು ಕಾಲು ಒದರಿ ಕೇಕೆ ಹಾಕಿತು. ಪಡಸಾಲೆಯಿಂದ ಗಂಡಸರೂ ಎದ್ದುಬಂದರು. ಯಲ್ಲಪ್ಪ ಮಗಳನ್ನು ನೋಡುತ್ತ ಬಾಗಿಲ ಚೌಕಟ್ಟನ್ನು ಹಿಡಿದು ನಿಂತ.

ಊಟಕ್ಕೆ ಕಡುಬು, ಕಾಳಿನ ಸಾರು, ಹೊಸ ತುಪ್ಪ. ಕೂಸು ಅಲ್ಲೇ ನಿದ್ದೆ ಹೋಗಿತ್ತು. ಕೈ ತೊಳೆದು ಬಂದು ಎಲೆಯಡಿಕೆ ಹಾಕಿಕೊಂಡ ಮೇಲೆ ಬಂಗಾರಮ್ಮ ಗಂಡನ ಮುಖ ನೋಡಿದಳು, ಅವನು ತಲೆಯಾಡಿಸಿದ.

"ಬಿಟ್ಟು ಹೋಗ್ತೇವೆ ಬೀಗ್ತಿ" ಎಂದಳು. "ಸುಳ್ಳು ಯಾಕೆ ಹೇಳೋದು, ಬೆಳಗ್ಗೆ ಬರುವಾಗ ವಾಪಸು ಕರ್ಕೊಂಡು ಹೋಗೋದು ಅಂತ್ಲೇ ಬಂದಿದ್ದೆ. ನೀವು ಮಾಡಿದ್ದು ನೋಡಿ ಮನ್ಸು ತಿರುಗ್ತು."

ಲೋಕಮ್ಮನಿಗೆ ಕಾಲಿನ ಕೆಳಗೆ ನೆಲ ಸಿಕ್ಕಂತಾಯಿತು. ಎರಡು ವರ್ಷದಿಂದ ಸಿಕ್ಕಿರದ ನೆಲ. ನಡುಕೋಣೆಗೆ ಹೋಗಿ, ನಿದ್ದೆಯಲ್ಲಿದ್ದ ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು.

ಅವಳ ಅಂಗೈ ಕೂಸಿನ ಬೆನ್ನಿನ ಮೇಲಿತ್ತು. ಅಂಗಿ ಒದ್ದೆ.

ಉಚ್ಚೆ ಹೊಯ್ದುಕೊಂಡಿದೆ ಎಂದುಕೊಂಡು ಕೆಳಗಿನ ಬಟ್ಟೆ ಮುಟ್ಟಿದಳು. ಅದು ಒಣಗಿತ್ತು. ಒದ್ದೆಯಿದ್ದದ್ದು ಹೆಗಲ ಮೇಲೆ, ಬೆನ್ನ ಮೇಲೆ, ತಲೆಯ ಹಿಂದಿನ ಎಳೆಗೂದಲಲ್ಲಿ. ಲೋಕಮ್ಮ ಬಗ್ಗಿ, ಕೂಸು ಮಲಗಿರದ ಕಡೆ ಉಣ್ಣೆಯ ಬುಡಕ್ಕೆ ಎರಡು ಬೆರಳು ಒತ್ತಿದಳು. ಬೆರಳ ಸುತ್ತ ನೀರು ಜಿನುಗಿತು. ಸೋಮವಾರ ಮಧ್ಯಾಹ್ನ, ಇನ್ನೂ ಮೂರು ಗಂಟೆಯಾಗಿರಲಿಲ್ಲ. ಊಟದಷ್ಟು ಹೊತ್ತು, ಅಷ್ಟೇ, ಕೂಸು ಅಲ್ಲಿ ಮಲಗಿದ್ದು.

ಯಾರೂ ನೋಡಿರಲಿಲ್ಲ. ಪಡಸಾಲೆಯಲ್ಲಿ ಮಾಸ್ತಪ್ಪ ದನದ ರೇಟಿನ ಮಾತಾಡುತ್ತಿದ್ದ. ಬಸ್ಸು ನಾಲ್ಕಕ್ಕೆ. ಬೀಗರನ್ನು ಗಾಡಿ ಹತ್ತಿಸಿದ ಮೇಲೆ ತೊಗಲು ತೆಗೆದರಾಯಿತು. ಕೂಸನ್ನು ಕಣಜದ ಮೇಲೆ ಮಲಗಿಸಿದರಾಯಿತು. ಇಡೀ ದಿನ ಕೆಂಡ ಹಾಕಿಟ್ಟರಾಯಿತು. ಒಂದೊಂದೇ ಉಪಾಯ ಹೊಳೆ ದಾಟುವ ಕುರಿಗಳ ಹಾಗೆ ಒಂದರ ಹಿಂದೊಂದು ಬಂದವು. ಎಲ್ಲವೂ ಹೋದ ಸಲವೂ ಬಂದಿದ್ದವೇ. ಹೋದ ಸಲವೂ ಕೌದಿ ಮೇಲೆ ಕೌದಿ ಹಾಕಿ ನೋಡಿದ್ದಳು. ಕೂಸು ನಿದ್ದೆಯಲ್ಲೇ ಒಮ್ಮೆ ಸೀನಿತು.

ಲೋಕಮ್ಮ ಪಡಸಾಲೆಗೆ ಬಂದು ಬಂಗಾರಮ್ಮನ ಮಡಿಲಲ್ಲಿ ಕೂಸನ್ನು ಇಟ್ಟಳು.

"ಅಂಗಿ ಬದಲ್ಸ್ರಿ ಅಕ್ಕಾರೆ. ಒದ್ದೆ ಆಗೈತೆ. ಉಚ್ಚೆ ಅಲ್ಲ ಅದು, ನೆಲದ್ದು."

ಎಲ್ಲರೂ ಅವಳನ್ನೇ ನೋಡಿದರು.

"ಆ ತೊಗಲು ಎತ್ತಿ ನೋಡ್ರಿ. ಅಡಿಗೆ ನೆಲ ಒರತೆ. ಮುಚ್ಚಾಕೆ ಅಂತ್ಲೇ ಹಾಸಿದ್ದು ನಾನು." ಕೈ ಸೆರಗಿನ ಚುಂಗನ್ನು ತಿರುಚುತ್ತಿತ್ತು. "ಹೋದ ಕೂಸನ್ನೂ ಅಲ್ಲೇ ಮಲಗ್ಸಿದ್ದೆ. ವನಜ ಥಂಡಿ ಐತೆ ಅಂದ್ಲು. ನಾನು ಕೇಳ್ಲಿಲ್ಲ. ಇವತ್ತು ಕರ್ಕೊಂಡು ಹೋಗ್ರಿ."

ಬಂಗಾರಮ್ಮನ ಬಾಯಲ್ಲಿದ್ದ ಎಲೆ ಹಾಗೆಯೇ ಉಳಿಯಿತು. ಅವಳು ಕೂಸನ್ನು ವನಜಳಿಗೆ ಕೊಟ್ಟು ಎದ್ದು ನಡುಕೋಣೆಗೆ ಹೋಗಿ ತೊಗಲಿನ ಅಂಚು ಎತ್ತಿದಳು, ಬಿಟ್ಟಳು. ತಿರುಗಿ ಬಂದು, "ಎರಡು ವರ್ಷ" ಎಂದಳು. "ಎರಡು ವರ್ಷ ನನ್ನ ಮಗಳು ತನ್ನ ಹಾಲಲ್ಲೇ ದೋಷ ಇತ್ತು ಅಂದ್ಕೊಂಡಿದ್ಲು. ನೀವು ಊರಿಗೆಲ್ಲ ಉಣ್ಣೆ ಪರೀಕ್ಷೆ ಮಾಡ್ತಿದ್ರಿ."

ಲೋಕಮ್ಮ ಅಗ್ಗಿಷ್ಟಿಕೆಯನ್ನು ವನಜಳ ಪಕ್ಕಕ್ಕೆ ತಳ್ಳಿದಳು.

ವನಜ ಕೂಸಿನ ಅಂಗಿ ಬಿಚ್ಚಿ, ಬೆನ್ನನ್ನು ತನ್ನ ಸೆರಗಿನಿಂದ ತಿಕ್ಕಿ ತಿಕ್ಕಿ ಬಿಸಿ ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಇವತ್ತು ನೀವು ಹೇಳದಿದ್ರೆ ನಾನು ಇದೇ ಮನೇಲಿ ಇರ್ತಿದ್ದೆ ಅತ್ತೆ. ನೆಲದ ವಿಷ್ಯ ಕೇಳೋ ಧೈರ್ಯ ನನಗೂ ಇರ್ಲಿಲ್ಲ."

ಅದು ಕ್ಷಮೆಯೋ ಅಲ್ಲವೋ ಲೋಕಮ್ಮನಿಗೆ ತಿಳಿಯಲಿಲ್ಲ.

ಮೂರೂವರೆಗೆ ಯಲ್ಲಪ್ಪ ಗಾಡಿ ಕಟ್ಟಿದ. ಬಂಗಾರಮ್ಮ ಮೊದಲು ಹತ್ತಿದಳು. ವನಜ ಕೂಸಿಗೆ ಎರಡು ಕಂಬಳಿ ಸುತ್ತಿಕೊಂಡು ಹತ್ತಿದಳು. ಅವು ಲೋಕಮ್ಮ ನೇಯಿಸಿದವೇ, ಕೇಳಿ ತೆಗೆದುಕೊಂಡಿದ್ದಳು. ಮಹೇಶ್ವರಪ್ಪ ಮಾತ್ರ ಗಾಡಿಯ ಹತ್ತಿರ ಬಂದವನು ಹತ್ತಲಿಲ್ಲ.

"ನೀವು ಹೋಗಿ. ನಾನು ಎರಡು ದಿನ ಬಿಟ್ಟು ಬರ್ತೇನೆ" ಎಂದು ಹೆಂಡತಿಗೆ ಹೇಳಿ, ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಮಾಸ್ತಪ್ಪನ ಕಡೆ ತಿರುಗಿ, "ಹಾರೆ ಎಲ್ಲಿದೆ ಬೀಗರೆ?" ಎಂದ.

"ಬೀಗರ ಕೈಲಿ ನೆಲ ಅಗೆಸೋದಾ?" ಎಂದ ಮಾಸ್ತಪ್ಪ.

"ಕುರಿ ಕಾಯೋದಾದ್ರೆ ನಿಮ್ಮನ್ನ ಕೇಳ್ತಿದ್ದೆ. ಥಂಡಿ ನೆಲ ನಮ್ಮ ಕಡೆ ಕೆಲ್ಸ."

ತೊಗಲನ್ನು ಮಾಸ್ತಪ್ಪ ಎರಡು ಬೆರಳಲ್ಲಿ ಹಿಡಿದು ಹೊರಗೊಯ್ದ. ಒಂದು ಮಗ್ಗುಲಿನ ಉಣ್ಣೆ ಆಗಲೇ ಕೈಗೆ ಕಿತ್ತು ಬರುತ್ತಿತ್ತು. ಹೇಳಿಕಳಿಸಿದ್ದಕ್ಕೆ ಬಂದ ಚರ್ಮದ ಕೆಲಸದ ಬಂಗಾರಪ್ಪ ಅದನ್ನು ಸುತ್ತಿ ತೆಗೆದುಕೊಂಡು ಹೋದ.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುಂಡಿಯ ಬುಡದಲ್ಲಿ ನೀರು ಕಣ್ಣು ಬಿಟ್ಟಿತು. ಬೆಲ್ಲದ ಬಣ್ಣದ ನೀರು, ಸದ್ದಿಲ್ಲದೆ ಬಂತು. ಮಹೇಶ್ವರಪ್ಪ ಬಗ್ಗಿ ಅದು ಯಾವ ಕಡೆಯಿಂದ ಬರುತ್ತದೆಂದು ನೋಡಿದ. ಗೋಡೆಯ ಆಚೆಗೆ ಕಂದಕ ತೆಗೆದು ನೀರನ್ನು ಕೆಳಗಿನ ಗದ್ದೆಗೆ ತಿರುಗಿಸಬೇಕು, ಗುಂಡಿಗೆ ಹಂಚಿನ ಚೂರು, ಇದ್ದಿಲು, ಹೊಳೆಮರಳು ತುಂಬಿ ನೆಲ ಒಂದು ಮೊಳ ಎತ್ತರಿಸಬೇಕು ಎಂದ. ಆಮೇಲೂ ಒಣಗುತ್ತದೆಂದು ಮಾತು ಕೊಡಲಿಲ್ಲ. "ನಿಜ ಶ್ರಾವಣಕ್ಕೆ ಬಂದು ನೋಡುವ. ಒಣಗಿದ್ರೆ ಕರ್ಕೊಂಡು ಬರ್ತೇನೆ, ಇಲ್ಲದಿದ್ರೆ ಇಲ್ಲ."

ಬಸ್ಸು ಹತ್ತಿಸಿ ಬಂದ ಯಲ್ಲಪ್ಪ ಎತ್ತು ಬಿಚ್ಚಿದವನೇ ಬಂದು ಸಲಿಕೆ ಹಿಡಿದ. ಲೋಕಮ್ಮ ಪುಟ್ಟಿಯಲ್ಲಿ ಮಣ್ಣು ಹೊತ್ತು ಹಿತ್ತಿಲಿಗೆ ಸುರಿಯತೊಡಗಿದಳು. ಬೇಡವೆಂದರೂ ನಿಲ್ಲಿಸಲಿಲ್ಲ. ಐದನೆಯದೋ ಆರನೆಯದೋ ಪುಟ್ಟಿಗೆ ಗುಂಡಿಯ ಅಂಚಿನಲ್ಲಿ ನಿಂತು ಕೇಳಿದಳು:

"ಮಲಗಿದಾಗ ಕೂಸು ಕೆಮ್ಮುತೈತಾ ಬೀಗರೆ?"

"ಇಲ್ಲ. ಕೆಮ್ಮೋದಿಲ್ಲ" ಎಂದ ಮಹೇಶ್ವರಪ್ಪ.

ಮತ್ತೆ ಎರಡು ಪುಟ್ಟಿ ಹೊತ್ತ ಮೇಲೆ ಅದನ್ನೇ ಕೇಳಿದಳು. ಅವನು ಹಾರೆ ನಿಲ್ಲಿಸಿ, ಮೊದಲ ಸಲ ಕೇಳಿದವರಿಗೆ ಹೇಳುವ ಹಾಗೆ, ಇಲ್ಲ ಎಂದ.